ನಮ್ಮ ವಾರ್ಡಿನ ಸದಸ್ಯರನ್ನು ಹಿಂದಕ್ಕೆ ಕರೆಸಿಕೊಳ್ಳಲು ಮತದಾರರಿಗೆ ದಾರಿ ಇದೆಯೆ?

ವಾರ್ಡಿನ ಮತದಾರ, ಮಂಜೇಶ್ವರ ತಾಲೂಕು

ಎಲ್ಲರಿಗೂ ನಮಸ್ಕಾರ. ನಮ್ಮದು ಕರ್ನಾಟಕದ ಗಡಿಗೆ ಹತ್ತಿರದ, ಕೇರಳದ ಒಂದು ಸಣ್ಣ ಪೇಟೆ. ಪಂಚಾಯತಿನ ಹೆಸರನ್ನೂ ಸದಸ್ಯರ ಹೆಸರನ್ನೂ ನಾನು ಇಲ್ಲಿ ಬರೆಯುವುದಿಲ್ಲ, ಏಕೆಂದರೆ ನನಗೆ ಬೇಕಾಗಿರುವುದು ಒಬ್ಬರ ಮಾನ ತೆಗೆಯುವುದಲ್ಲ, ದಾರಿ ತಿಳಿದುಕೊಳ್ಳುವುದು. ನಮ್ಮ ವಾರ್ಡಿನ ಸದಸ್ಯರು ಗೆದ್ದು ಎರಡು ವರ್ಷ ದಾಟಿದೆ. ಕುಡಿಯುವ ನೀರಿನ ಟ್ಯಾಂಕಿಗೆ ಪೈಪು ಬಂದು ರಸ್ತೆ ಬದಿಯಲ್ಲಿ ಬಿದ್ದಿದೆ, ಜೋಡಣೆಯಾಗಿಲ್ಲ. ಅಂಗನವಾಡಿಗೆ ಹೋಗುವ ಕಾಲುದಾರಿಯಲ್ಲಿ ಮಳೆಗಾಲದಲ್ಲಿ ಮಕ್ಕಳನ್ನು ಎತ್ತಿಕೊಂಡೇ ದಾಟಿಸಬೇಕು. ಫೋನು ಮಾಡಿದರೆ ಎತ್ತುವುದಿಲ್ಲ, ಎತ್ತಿದರೆ 'ಫಂಡ್ ಬಂದಿಲ್ಲ' ಎಂಬ ಒಂದೇ ಮಾತು.

ಗ್ರಾಮಸಭೆಯ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಕಳೆದ ಬಾರಿ ಸಭೆಯ ಹಾಜರಿ ಪುಸ್ತಕವೇ ನಮ್ಮ ಮನೆಯ ಜಗಲಿಗೆ ಬಂತು. ಕ್ರಮಸಂಖ್ಯೆ, ಹೆಸರು, ಮನೆ ನಂಬ್ರ, ಸಹಿ ಎಂದು ಗೆರೆ ಎಳೆದ ಪುಟಗಳಲ್ಲಿ ನಮಗಿಂತ ಮೊದಲಿನ ಮನೆಗಳವರ ಸಹಿಗಳಿದ್ದವು. ಪಿಂಚಣಿಯ ಪಟ್ಟಿಯಲ್ಲಿ ಹೆಸರು ಉಳಿಯಬೇಕಾದರೆ ಸಹಿ ಬೇಕು ಎಂದು ತಂದವರು ಹೇಳಿದ್ದರಿಂದ ನನ್ನ ತಾಯಿ ಹೆಬ್ಬೆಟ್ಟು ಒತ್ತಿದರು. ನಾನು ಪುಟ ಮಗುಚಿ ನೋಡಿದಾಗ ಸಹಿಗಳು ಮುಗಿದ ನಂತರ ನಿರ್ಣಯ ಬರೆಯಬೇಕಾದ ಜಾಗ ಪೂರ್ತಿ ಖಾಲಿಯಾಗಿತ್ತು. ಸಭೆ ಎಲ್ಲಿ ನಡೆಯಿತೆಂದು ನಮ್ಮ ಸಾಲಿನ ಒಂದು ಮನೆಯವರಿಗೂ ಗೊತ್ತಿಲ್ಲ.

ಈಗ ಊರಿನ ಕೆಲವು ಯುವಕರು ಸೇರಿ 'ಸದಸ್ಯರಲ್ಲಿ ನಮಗೆ ನಂಬಿಕೆ ಉಳಿದಿಲ್ಲ, ಅವರನ್ನು ಹಿಂದಕ್ಕೆ ಕರೆಸಿಕೊಳ್ಳಬೇಕು' ಎಂದು ತಲೆಬರಹ ಕೊಟ್ಟು ಸಹಿ ಸಂಗ್ರಹಿಸುತ್ತಿದ್ದಾರೆ. ವಾರ್ಡಿನ ಅರ್ಧದಷ್ಟು ಮತದಾರರ ಸಹಿ ಸಿಕ್ಕಿದರೆ ಸದಸ್ಯತ್ವ ತಾನಾಗಿ ಹೋಗುತ್ತದೆ ಎಂದು ಅವರು ನಂಬಿದ್ದಾರೆ. ಇದು ನಿಜವೆ? ಕಾನೂನು ತಿಳಿದವರು ದಯವಿಟ್ಟು ಹೇಳಬೇಕು.

ನಿವೃತ್ತ ಪಂಚಾಯತ್ ಕಾರ್ಯದರ್ಶಿ, ಕುಂಬಳೆ

ನಿಜವಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ. ಕೇರಳ ಪಂಚಾಯತ್ ರಾಜ್ ಕಾಯಿದೆ 1994ರಲ್ಲಾಗಲಿ, ಅದೇ ವರ್ಷದ ಮುನಿಸಿಪಾಲಿಟಿ ಕಾಯಿದೆಯಲ್ಲಾಗಲಿ ಮತದಾರರು ಸಹಿ ಹಾಕಿ ಸದಸ್ಯರನ್ನು ಇಳಿಸುವ ಅವಕಾಶ ಇಲ್ಲ. ವಾರ್ಡಿನ ಎಲ್ಲ ಮತದಾರರೂ ಸಹಿ ಹಾಕಿದರೂ ಆ ಕಾಗದಕ್ಕೆ ಮನವಿಯ ಬೆಲೆ ಮಾತ್ರ.

ಅವಿಶ್ವಾಸ ನಿರ್ಣಯ ಎಂದು ನಾವು ಪತ್ರಿಕೆಗಳಲ್ಲಿ ಓದುವುದು ಬೇರೆಯೇ ಸಂಗತಿ. ಅದು ಪಂಚಾಯತ್ ರಾಜ್ ಕಾಯಿದೆಯ 157ನೇ ಸೆಕ್ಷನಿನಲ್ಲಿದೆ. ಪಂಚಾಯತಿನ ಒಟ್ಟು ಸದಸ್ಯಬಲದ ಮೂರನೇ ಒಂದರಷ್ಟು ಸದಸ್ಯರು ಸಹಿ ಹಾಕಿ ನೋಟಿಸು ಕೊಡಬೇಕು, ಅರ್ಧಕ್ಕಿಂತ ಹೆಚ್ಚು ಸದಸ್ಯರು ಪರವಾಗಿ ಮತ ಹಾಕಬೇಕು. ಅಧಿಕಾರ ವಹಿಸಿಕೊಂಡ ಮೊದಲ ಆರು ತಿಂಗಳು ಅದನ್ನು ತರುವಂತಿಲ್ಲ. ಅದರಿಂದ ಅಧ್ಯಕ್ಷರೋ ಉಪಾಧ್ಯಕ್ಷರೋ ಕುರ್ಚಿ ಬಿಡುತ್ತಾರೆ, ಆದರೆ ಸದಸ್ಯರಾಗಿ ಮುಂದುವರಿಯುತ್ತಾರೆ. 2018ರಲ್ಲಿ ಕಾರಡ್ಕ ಮತ್ತು ಎಣ್ಮಕಜೆ ಪಂಚಾಯತುಗಳಲ್ಲಿ ಆಡಳಿತ ಬದಲಾದದ್ದು ಹೀಗೆ. ಎದುರಾಳಿಗಳಾದ ಎರಡು ರಂಗಗಳು ಒಂದಾಗಿ ಮತ ಹಾಕಿದ್ದರಿಂದ ಅದು ಸಾಧ್ಯವಾಯಿತು. ಅದರಲ್ಲಿ ಮತದಾರರ ಪಾಲು ಏನೂ ಇರಲಿಲ್ಲ. ಅಷ್ಟೇ ಅಲ್ಲ, 1999ರ ಪಕ್ಷಾಂತರ ನಿಷೇಧ ಕಾಯಿದೆ ಸ್ಥಳೀಯ ಸಂಸ್ಥೆಗಳಿಗೂ ಅನ್ವಯಿಸುವುದರಿಂದ ಪಕ್ಷದ ವಿಪ್ (ಹೀಗೆಯೇ ಮತ ಹಾಕಬೇಕೆಂಬ ಆಜ್ಞೆ) ಮೀರಿ ಮತ ಹಾಕಿದ ಸದಸ್ಯರು ತಮ್ಮ ಸ್ಥಾನವನ್ನೇ ಕಳೆದುಕೊಳ್ಳಬಹುದು. ಹಾಗಾಗಿ ಮನಸ್ಸಾಕ್ಷಿಗೆ ಓಗೊಟ್ಟು ಮತ ಹಾಕುವ ಸದಸ್ಯರಿಗೂ ಕೈ ಕಟ್ಟಿರುತ್ತದೆ.

ಆದರೆ ನೀವು ಬರೆದ ಗ್ರಾಮಸಭೆಯ ಸಂಗತಿಯನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ನಮ್ಮ ಕಾಯಿದೆಯಲ್ಲಿ ಗ್ರಾಮಸಭೆಯೆಂದರೆ ಇಡೀ ಪಂಚಾಯತಿನದ್ದಲ್ಲ, ಪ್ರತಿ ವಾರ್ಡಿನ ಮತದಾರರದ್ದು, ಮತ್ತು ಅದರ ಸಂಚಾಲಕರು ಆ ವಾರ್ಡಿನ ಸದಸ್ಯರೇ. ಮೂರು ತಿಂಗಳಿಗೆ ಒಮ್ಮೆಯಾದರೂ ಅದನ್ನು ಕರೆಯಲೇಬೇಕು, ಹತ್ತು ಶೇಕಡಾ ಮತದಾರರು ಹಾಜರಿರಬೇಕು. ಸತತ ಎರಡು ಬಾರಿ ಕರೆಯದೆ ಹೋದರೆ 35ನೇ ಸೆಕ್ಷನಿನ ಪ್ರಕಾರ ಸದಸ್ಯತ್ವಕ್ಕೇ ಕುತ್ತು ಬರುತ್ತದೆ. ಈ ಪ್ರಶ್ನೆಯನ್ನು ತೀರ್ಮಾನಿಸುವುದು ರಾಜ್ಯ ಚುನಾವಣಾ ಆಯೋಗ. ಅಲ್ಲಿಗೆ ಅರ್ಜಿ ಹಾಕಲು ನೀವು ಪಂಚಾಯತಿನ ಸದಸ್ಯರಾಗಿರಬೇಕಾಗಿಲ್ಲ. 36ನೇ ಸೆಕ್ಷನ್ ಆ ವಾರ್ಡಿನ ಚುನಾವಣೆಯಲ್ಲಿ ಮತ ಹಾಕಲು ಅರ್ಹನಾದ ಯಾವನೇ ಮತದಾರನಿಗೂ ಆ ಹಕ್ಕು ಕೊಟ್ಟಿದೆ. ಅದಕ್ಕೆ ದಾಖಲೆ ಬೇಕು, ಸಹಿಗಳ ಸಂಖ್ಯೆ ಬೇಡ.

ಶಿಕ್ಷಕ, ಜತ್ತ ತಾಲೂಕು, ಸಾಂಗ್ಲಿ ಜಿಲ್ಲೆ

ನಮ್ಮ ಭಾಗದ ಅನುಭವವನ್ನೂ ಸೇರಿಸುತ್ತೇನೆ. ಮಹಾರಾಷ್ಟ್ರದಲ್ಲಿ 2017ರಲ್ಲಿ ಸರಪಂಚರನ್ನು, ಅಂದರೆ ಗ್ರಾಮ ಪಂಚಾಯತಿನ ಮುಖ್ಯಸ್ಥರನ್ನು, ಜನರೇ ನೇರವಾಗಿ ಆರಿಸುವ ಪದ್ಧತಿ ಬಂತು, 2020ರಲ್ಲಿ ಅದನ್ನು ತೆಗೆದರು, 2022ರಲ್ಲಿ ಮತ್ತೆ ತಂದರು. ನೇರವಾಗಿ ಆಯ್ಕೆಯಾದ ಸರಪಂಚರ ಮೇಲೆ ಅವಿಶ್ವಾಸ ತರಬೇಕಾದರೆ ಸದಸ್ಯರಲ್ಲಿ ನಾಲ್ಕನೇ ಮೂರು ಭಾಗ ಒಪ್ಪಬೇಕು, ಆಮೇಲೆ ವಿಶೇಷ ಗ್ರಾಮಸಭೆಯಲ್ಲಿ ಗುಪ್ತ ಮತದಾನ ನಡೆದು ಊರು ಅದನ್ನು ಅನುಮೋದಿಸಬೇಕು. ಜನರು ಆರಿಸಿದವರನ್ನು ಸದಸ್ಯರಷ್ಟೇ ಕೂಡಿ ಇಳಿಸಬಾರದು, ಜನರ ಮುಂದೆ ಹೋಗಬೇಕು ಎಂಬ ತತ್ವ ನನಗೆ ಸರಿಯೆಂದೇ ತೋರುತ್ತದೆ.

ಆದರೆ ಒಂದು ಮಾತು. ಇಂಥ ಗ್ರಾಮಸಭೆ ನಡೆಯುವ ದಿನ ಊರಿನಲ್ಲಿ ಎರಡು ಪಾರ್ಟಿಗಳಾಗಿ ಜನ ಬೇರೆ ಬೇರೆ ನಿಲ್ಲುತ್ತಾರೆ, ಪುಣೆ ಮುಂಬಯಿಗೆ ದುಡಿಯಲು ಹೋದವರನ್ನು ಗಾಡಿ ಮಾಡಿ ಕರೆಸುತ್ತಾರೆ. ಆ ದಿನದ ವೈಮನಸ್ಸು ಮುಂದೆ ಮದುವೆ ಮುಂಜಿಗಳಲ್ಲಿಯೂ ಕಾಣುತ್ತದೆ. ಹಾಗೆಂದು ಹಕ್ಕೇ ಬೇಡ ಎನ್ನುತ್ತಿಲ್ಲ. ಅದರ ಬೆಲೆ ಎಷ್ಟೆಂದು ತಿಳಿದು ಮಾತನಾಡೋಣ.

ಕಾನೂನು ವಿದ್ಯಾರ್ಥಿನಿ, ಕಾಸರಗೋಡು

ಮತದಾರರ ಮತದಿಂದಲೇ ಪದಚ್ಯುತಿ ನಡೆದ ಉದಾಹರಣೆಗಳು ನಮ್ಮ ದೇಶದಲ್ಲಿ ಇವೆ. ಮಧ್ಯಪ್ರದೇಶದ ನಗರಪಾಲಿಕೆ ಕಾನೂನಿನ 47ನೇ ಸೆಕ್ಷನ್ ಅದಕ್ಕೆ ದಾರಿ ಮಾಡಿತು, ಅಲ್ಲಿಂದ ಬೇರ್ಪಟ್ಟ ಛತ್ತೀಸಗಢದಲ್ಲಿಯೂ ಅದು ಉಳಿಯಿತು. ಮಧ್ಯಪ್ರದೇಶದ ಅನೂಪಪುರದಲ್ಲಿ ನಗರಪಾಲಿಕೆಯ ಅಧ್ಯಕ್ಷರು ಹೀಗೆ ಸ್ಥಾನ ಕಳೆದುಕೊಂಡರು. ಛತ್ತೀಸಗಢದಲ್ಲಿ 2008ರಲ್ಲಿ ಗುಂಡರದೇಹಿ, ನವಾಗಢ, ರಾಜಪುರ ಎಂಬ ಮೂರು ಸಣ್ಣ ಪೇಟೆಗಳ ಅಧ್ಯಕ್ಷರನ್ನು ಜನ ಮತ ಹಾಕಿ ಇಳಿಸಿದರು. ಮತಪತ್ರದಲ್ಲಿ ಎರಡೇ ಚಿಹ್ನೆಗಳು: ತುಂಬಿದ ಕುರ್ಚಿ ಮತ್ತು ಖಾಲಿ ಕುರ್ಚಿ. ಅಧ್ಯಕ್ಷರು ಉಳಿಯಲಿ ಎನ್ನುವವರು ಒಂದಕ್ಕೆ, ಹೋಗಲಿ ಎನ್ನುವವರು ಇನ್ನೊಂದಕ್ಕೆ ಮುದ್ರೆ ಒತ್ತುತ್ತಾರೆ. ಓದು ಬರಹ ಬಾರದವರಿಗೂ ಪ್ರಶ್ನೆ ಏನೆಂದು ತಕ್ಷಣ ತಿಳಿಯುತ್ತದೆ ಎಂಬುದು ನನಗೆ ಬಹಳ ಮೆಚ್ಚುಗೆಯಾದ ಸಂಗತಿ.

ಆದರೆ ಅಲ್ಲಿಯೂ ಪ್ರಕ್ರಿಯೆಯನ್ನು ಮತದಾರ ಆರಂಭಿಸುವಂತಿಲ್ಲ. ಚುನಾಯಿತ ಕೌನ್ಸಿಲರುಗಳಲ್ಲಿ ನಾಲ್ಕನೇ ಮೂರು ಭಾಗ ಸಹಿ ಹಾಕಿ ಜಿಲ್ಲಾಧಿಕಾರಿಗೆ ಕೊಡಬೇಕು, ಅವರು ಪರಿಶೀಲಿಸಿದ ಮೇಲೆ ಮತದಾನ. ಅಧಿಕಾರಕ್ಕೆ ಬಂದ ಮೊದಲ ಎರಡು ವರ್ಷ ಇದನ್ನು ಮಾಡುವಂತಿರಲಿಲ್ಲ. ಅನ್ವಯವಾಗುವುದು ಅಧ್ಯಕ್ಷರಿಗೆ ಮಾತ್ರ, ವಾರ್ಡಿನ ಸದಸ್ಯರಿಗಲ್ಲ. ಅಂದರೆ ಈ ಅಣ್ಣ ಕೇಳಿದ ಪ್ರಶ್ನೆಗೆ ಅಲ್ಲಿಯೂ ಉತ್ತರವಿಲ್ಲ.

ಸಂಸತ್ತಿನ ಮಟ್ಟದಲ್ಲಿ ಈ ಬೇಡಿಕೆಯನ್ನು ಎತ್ತಿದವರಲ್ಲಿ ನಮ್ಮ ನೆರೆಯ ತಲಶ್ಶೇರಿಯ ಸಂಸದರಾಗಿದ್ದ ಸಿ. ಕೆ. ಚಂದ್ರಪ್ಪನ್ ಒಬ್ಬರು. 1974ರಲ್ಲಿ ಅವರು ಲೋಕಸಭೆಯಲ್ಲಿ ಸಂವಿಧಾನ ತಿದ್ದುಪಡಿ ಮಸೂದೆ ತಂದರು, ಅಟಲ್ ಬಿಹಾರಿ ವಾಜಪೇಯಿ ಅದನ್ನು ಬೆಂಬಲಿಸಿದರು, ಮಸೂದೆ ಮಾತ್ರ ಅಂಗೀಕಾರವಾಗಲಿಲ್ಲ. ಎಡಪಕ್ಷದವರೊಬ್ಬರ ಮಸೂದೆಗೆ ಜನಸಂಘದ ನಾಯಕರೊಬ್ಬರು ಕೈಜೋಡಿಸಿದರು ಎಂಬುದನ್ನು ಇದು ಒಂದು ಪಕ್ಷದ ಬೇಡಿಕೆ ಎಂದು ತಿಳಿದವರು ಗಮನಿಸಬೇಕು.

ಇನ್ನು ನನ್ನ ಅಭಿಪ್ರಾಯ. 'ಮುಂದಿನ ಚುನಾವಣೆಯಲ್ಲಿ ಪಾಠ ಕಲಿಸಿ' ಎಂದು ಹಿರಿಯರು ಸಾಮಾನ್ಯವಾಗಿ ಹೇಳುತ್ತಾರೆ. ನಮ್ಮ ರಾಜ್ಯದಲ್ಲಿ ಸ್ಥಳೀಯ ಸಂಸ್ಥೆಗಳ ಅರ್ಧದಷ್ಟು ಸ್ಥಾನಗಳು ಮಹಿಳೆಯರಿಗೆ ಮೀಸಲು, ಮತ್ತು ಮೀಸಲಾತಿ ಪ್ರತಿ ಚುನಾವಣೆಗೂ ಸರದಿಯಂತೆ ಬದಲಾಗುತ್ತದೆ. ಇಂದು ಸಾಮಾನ್ಯ ಸ್ಥಾನವಾಗಿರುವ ವಾರ್ಡಿನಿಂದ ಗೆದ್ದ ಪುರುಷ ಸದಸ್ಯರಿಗೆ ಮುಂದಿನ ಬಾರಿ ಅಲ್ಲಿ ನಿಲ್ಲಲು ಬಹುತೇಕ ಅವಕಾಶವೇ ಇರುವುದಿಲ್ಲ. ಮತ್ತೆ ಮತ ಕೇಳಲು ಬಾರದವರಿಗೆ ಮತಪೆಟ್ಟಿಗೆಯ ಭಯವೆಲ್ಲಿ? ಮೀಸಲಾತಿಯ ಸರದಿ ಬೇಡ ಎಂದು ನಾನು ಹೇಳುತ್ತಿಲ್ಲ, ಅದರಿಂದ ನಮ್ಮಂಥವರಿಗೆ ಬಾಗಿಲು ತೆರೆಯಿತು. ಆದರೆ ಐದು ವರ್ಷಗಳ ನಡುವೆ ಲೆಕ್ಕ ಕೇಳುವ ಒಂದು ದಾರಿ ಇರಲೇಬೇಕು ಎಂಬ ವಾದಕ್ಕೆ ಇದಕ್ಕಿಂತ ದೊಡ್ಡ ಕಾರಣ ಬೇಕಾಗಿಲ್ಲ.

ಪಂಚಾಯತಿನ ಮಾಜಿ ಸದಸ್ಯೆ, ಬದಿಯಡ್ಕ ಭಾಗ

ತಂಗಿಯ ಮಾತನ್ನು ಗೌರವದಿಂದ ಓದಿದೆ. ಆದರೂ ನನ್ನ ಮನಸ್ಸು ಒಪ್ಪುವುದಿಲ್ಲ, ಅದರ ಕಾರಣವನ್ನು ಬಿಡಿಸಿ ಹೇಳುತ್ತೇನೆ.

ನಾನು ಮಹಿಳಾ ಮೀಸಲು ವಾರ್ಡಿನಿಂದ ಸಣ್ಣ ಅಂತರದಲ್ಲಿ ಗೆದ್ದವಳು. ಪ್ರಮಾಣವಚನ ತೆಗೆದುಕೊಂಡ ವಾರದಲ್ಲಿಯೇ ಸೋತ ಕಡೆಯವರು 'ಈ ಅಕ್ಕನಿಂದ ಆಗುವುದಿಲ್ಲ' ಎಂದು ಹೇಳಿಕೊಂಡು ತಿರುಗಿದರು. ನಾನು ರಸ್ತೆಗೆ ಒಬ್ಬರ ತೋಟದ ಅಂಚು ಬಿಡಿಸಿದಾಗ ಆ ಕುಟುಂಬ ಪೂರ್ತಿ ನನಗೆ ವಿರೋಧವಾಯಿತು. ವಸತಿ ಯೋಜನೆಯ ಪಟ್ಟಿಯಲ್ಲಿ ನಿಜವಾಗಿ ಮನೆಯಿಲ್ಲದವರ ಹೆಸರನ್ನು ಮೇಲೆ ಸೇರಿಸಿದಾಗ ಪಟ್ಟಿಯಿಂದ ಕೆಳಗಿಳಿದವರೆಲ್ಲ ಒಂದಾದರು. ಆಗ ಸಹಿ ಹಾಕಿ ಇಳಿಸುವ ಕಾನೂನು ಇದ್ದಿದ್ದರೆ ನನ್ನ ಎರಡನೆಯ ವರ್ಷದಲ್ಲಿ ಅದು ಖಂಡಿತ ನಡೆಯುತ್ತಿತ್ತು, ಮತ್ತು ನಾನು ಮಾಡಿದ ಸರಿಯಾದ ಕೆಲಸಗಳಿಗಾಗಿಯೇ ನಡೆಯುತ್ತಿತ್ತು. ವಾರ್ಡು ಎಂದರೆ ಒಂದು ಸಾವಿರ, ಹೆಚ್ಚೆಂದರೆ ಎರಡು ಸಾವಿರ ಮತದಾರರು. ಎರಡು ದೊಡ್ಡ ಕುಟುಂಬಗಳು, ಒಂದು ಪಕ್ಷದ ಘಟಕ, ಒಂದು ಕ್ಲಬ್ಬು ಸೇರಿದರೆ ಯಾವ ಸಹಿಯನ್ನೂ ತರಬಹುದು. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದ ಮೀಸಲು ಸ್ಥಾನಗಳಲ್ಲಿ ಗೆದ್ದು ಬಂದವರು ಆ ಒತ್ತಡವನ್ನು ಎಷ್ಟು ದಿನ ತಾಳಿಯಾರು? ಕನ್ನಡ ಮಾತನಾಡುವವರು ಕಡಿಮೆ ಇರುವ ವಾರ್ಡಿನಲ್ಲಿ ಗೆದ್ದ ಕನ್ನಡದ ಸದಸ್ಯರ ಬಗ್ಗೆಯೂ ಯೋಚಿಸಿ.

ಅಣ್ಣನ ವಾರ್ಡಿನಲ್ಲಿ ನಡೆದದ್ದು ತಪ್ಪೇ. ಸಭೆ ನಡೆಸದೆ ಪುಸ್ತಕ ಮಾತ್ರ ತಿರುಗಿಸುವುದು ಜನರಿಗೆ ಮಾಡುವ ಮೋಸ. ಅದಕ್ಕೆ ಶಿಕ್ಷೆಯಾಗಲಿ. ಕೆಲಸ ಸಾಲದು ಎಂಬ ಅಸಮಾಧಾನ ಮತ್ತು ಕರ್ತವ್ಯಲೋಪ, ಎರಡೂ ಒಂದೇ ಅಲ್ಲ. ಮೊದಲನೆಯದನ್ನು ಅಳೆಯುವ ಹೊತ್ತು ಚುನಾವಣೆ, ಎರಡನೆಯದಕ್ಕೆ ಕಾಯಿದೆಯಲ್ಲಿ ಜಾಗವಿದೆ ಎಂದು ಕಾರ್ಯದರ್ಶಿಯವರು ತೋರಿಸಿಕೊಟ್ಟಿದ್ದಾರೆ.

ಕಾನೂನು ವಿದ್ಯಾರ್ಥಿನಿ, ಕಾಸರಗೋಡು

ಅಕ್ಕ, ನಿಮ್ಮ ಅನುಭವದ ಮುಂದೆ ನನ್ನ ಓದು ಚಿಕ್ಕದು. ಆದರೂ ಒಂದು ಪ್ರಶ್ನೆ ಉಳಿಯುತ್ತದೆ. ನಿಮ್ಮನ್ನು ಇಳಿಸಬಹುದಾಗಿದ್ದ ಅದೇ ಗುಂಪು ಈಗಿನ ವ್ಯವಸ್ಥೆಯಲ್ಲಿಯೂ ನಿಮ್ಮನ್ನು ಸತಾಯಿಸಿತಲ್ಲವೆ? ಸಹಿಗಳ ಕನಿಷ್ಠ ಮಿತಿ ದೊಡ್ಡದಾಗಿ, ಮೊದಲ ಎರಡು ವರ್ಷ ನಿರ್ಬಂಧವಿದ್ದು, ಗುಪ್ತ ಮತದಾನದಲ್ಲಿ ಗೆದ್ದಾಗ ಪಡೆದ ಮತಗಳಿಗಿಂತ ಹೆಚ್ಚು ಮತಗಳು ವಿರುದ್ಧ ಬಿದ್ದರೆ ಮಾತ್ರ ಪದಚ್ಯುತಿ ಎಂದು ಬರೆದರೆ ನೀವು ಹೇಳಿದ ಅಪಾಯ ಬಹುಮಟ್ಟಿಗೆ ತಗ್ಗುತ್ತದೆ. ಗುಪ್ತ ಮತದಾನ ಇದ್ದಾಗ ಹೆದರಿ ಸಹಿ ಹಾಕಿದವರು ಒಳಗೆ ಹೋಗಿ ನಿಮಗೇ ಮತ ಹಾಕಬಹುದು. ಹರಿಯಾಣ 2020ರಲ್ಲಿ ಸರಪಂಚರ ಬಗ್ಗೆ ತಂದ ತಿದ್ದುಪಡಿಯಲ್ಲಿ ಗುಪ್ತ ಮತದಾನವನ್ನು ಸೇರಿಸಿದ್ದು ಇಂಥ ಕಾರಣಕ್ಕೇ ಇರಬೇಕು.

ಸುಪ್ರೀಂ ಕೋರ್ಟಿನ ನಿಲುವನ್ನೂ ಹೇಳಿಬಿಡುತ್ತೇನೆ. ರಾಯಬರೇಲಿಯ ನಗರಪಾಲಿಕೆ ಅಧ್ಯಕ್ಷರ ಮೊಕದ್ದಮೆಯಲ್ಲಿ, 1992ರಲ್ಲಿ, ನೇರವಾಗಿ ಜನರಿಂದ ಆಯ್ಕೆಯಾದವರನ್ನು ಕೂಡ ಸದಸ್ಯರ ಅವಿಶ್ವಾಸದಿಂದ ಇಳಿಸಬಹುದು ಎಂದು ನ್ಯಾಯಾಲಯ ಒಪ್ಪಿತು. ಚುನಾಯಿತ ಸ್ಥಾನದಲ್ಲಿ ಉಳಿಯುವುದು ಮೂಲಭೂತ ಹಕ್ಕಲ್ಲ, ಕಾನೂನು ಕೊಟ್ಟ ಹಕ್ಕು, ಕಾನೂನೇ ಅದಕ್ಕೆ ಷರತ್ತು ಹಾಕಬಹುದು. ಹಾಗಾದರೆ ಷರತ್ತಿನಲ್ಲಿ ಮತದಾರರಿಗೂ ಪಾಲು ಕೊಡಲು ತಿರುವನಂತಪುರದ ಶಾಸಕಾಂಗಕ್ಕೆ ಅಡ್ಡಿಯೇನಿಲ್ಲ.

ಓದುಗ, ಮಡಕಶಿರಾ, ಆಂಧ್ರಪ್ರದೇಶ

ನಮ್ಮಲ್ಲಿ ಸರಪಂಚರನ್ನು ಜನರೇ ಆರಿಸುತ್ತಾರೆ, ಅವರ ಮೇಲೆ ಕ್ರಮ ಕೈಗೊಳ್ಳುವ ಅಧಿಕಾರ ಜಿಲ್ಲಾ ಕಲೆಕ್ಟರರ ಕೈಯಲ್ಲಿದೆ. ಆರಿಸಿದವರು ಊರಿನವರು, ತೆಗೆಯುವವರು ಊರು ನೋಡದ ಅಧಿಕಾರಿ. ಅದಕ್ಕಿಂತ ನಿಮ್ಮ ಕಡೆಯ ಗ್ರಾಮಸಭೆಯ ಕಾನೂನು ಎಷ್ಟೋ ಮೇಲು ಎನಿಸಿತು. ಅದನ್ನು ಬಳಸದೆ ಬಿಡಬೇಡಿ.

ವಾರ್ಡಿನ ಮತದಾರ, ಮಂಜೇಶ್ವರ ತಾಲೂಕು

ಎಲ್ಲರ ಮಾತುಗಳನ್ನೂ ಯುವಕರಿಗೆ ಓದಿ ಹೇಳಿದೆ. ಅವರಿಗೆ ನಿರಾಸೆಯಾಗಿದೆ. ಅಷ್ಟು ಮನೆ ಹತ್ತಿ ಇಳಿದು ತಂದ ಸಹಿಗಳಿಗೆ ಬೆಲೆಯೇ ಇಲ್ಲವೆ ಎಂದು ಕೇಳುತ್ತಿದ್ದಾರೆ. ಹುಸಿ ಗ್ರಾಮಸಭೆ ನಡೆದಿದೆ ಎಂಬುದನ್ನು ನಾವು ಹೇಗೆ ಸಾಧಿಸುವುದು? ಪುಸ್ತಕದಲ್ಲಿ ಸಹಿಗಳಿವೆ, ನನ್ನ ತಾಯಿಯ ಹೆಬ್ಬೆಟ್ಟೂ ಇದೆ. ಕಾಗದದ ಮೇಲೆ ಸಭೆ ನಡೆದೇ ಇದೆ.

ನಿವೃತ್ತ ಪಂಚಾಯತ್ ಕಾರ್ಯದರ್ಶಿ, ಕುಂಬಳೆ

ಆ ಸಹಿಗಳಿಗೆ ಬೆಲೆ ಬರುವ ದಾರಿ ಒಂದಿದೆ, ಅದನ್ನು ಹೇಳಲೆಂದೇ ಮತ್ತೆ ಬರೆಯುತ್ತಿದ್ದೇನೆ.

ಗ್ರಾಮಸಭೆಗೆ ಸಂಬಂಧಿಸಿದ 3ನೇ ಸೆಕ್ಷನನ್ನು ಓದಿ ನೋಡಿ. ವಾರ್ಡಿನ ಹತ್ತು ಶೇಕಡಾ ಮತದಾರರು ಚರ್ಚಿಸಬೇಕಾದ ವಿಷಯಗಳ ಪಟ್ಟಿಯೊಂದಿಗೆ ಲಿಖಿತವಾಗಿ ಕೇಳಿದರೆ ಸಂಚಾಲಕರು ಹದಿನೈದು ದಿನಗಳೊಳಗೆ ವಿಶೇಷ ಗ್ರಾಮಸಭೆ ಕರೆಯಬೇಕು. ಎರಡು ಸಾಮಾನ್ಯ ಸಭೆಗಳ ನಡುವೆ ಒಂದು ಬಾರಿ ಮಾತ್ರ ಹೀಗೆ ಕೇಳಬಹುದು. ಸಾವಿರದ ಇನ್ನೂರು ಮತದಾರರಿರುವ ವಾರ್ಡಾದರೆ ಬೇಕಾಗುವುದು 120 ಸಹಿ. ಪದಚ್ಯುತಿಗೆ ಅರ್ಧ ವಾರ್ಡಿನ ಸಹಿ ತಂದರೂ ಕಾನೂನು ಕಣ್ಣೆತ್ತಿ ನೋಡುವುದಿಲ್ಲ, ಇದಕ್ಕೆ ಹತ್ತರಲ್ಲಿ ಒಬ್ಬರು ಸಾಕು. ಇಷ್ಟು ವರ್ಷಗಳ ನನ್ನ ನೌಕರಿಯಲ್ಲಿ ಈ ಅಧಿಕಾರವನ್ನು ಜನ ಬಳಸಿದ್ದನ್ನು ನಾನು ಕಂಡದ್ದು ತೀರ ಅಪರೂಪ, ಅದು ನನಗೆ ಇಂದಿಗೂ ನೋವಿನ ಸಂಗತಿ. ಹಳೆಯ ಹಾಳೆಗಳ ತಲೆಬರಹ ಬೇರೆಯಾದುದರಿಂದ ಅವೇ ಸಹಿಗಳನ್ನು ಉಪಯೋಗಿಸಬೇಡಿ. ಹೊಸ ಕಾಗದದಲ್ಲಿ, ಮತದಾರರ ಪಟ್ಟಿಯ ಕ್ರಮಸಂಖ್ಯೆ ಬರೆದು, ಮತ್ತೆ ಸಹಿ ಹಾಕಿಸಿ.

ಹುಸಿ ಸಭೆಯ ಪ್ರಶ್ನೆಗೆ ಬರುತ್ತೇನೆ. ನಡಾವಳಿ ಪುಸ್ತಕದ ಆ ಪುಟಗಳ ಪ್ರತಿಯನ್ನು, ಸಭೆಯ ನೋಟಿಸಿನ ಪ್ರತಿಯನ್ನು, ಹಾಜರಿದ್ದ ಅಧಿಕಾರಿಯ ವರದಿಯನ್ನು ಮಾಹಿತಿ ಹಕ್ಕಿನಲ್ಲಿ ಕೇಳಿ. ನಿಜವಾಗಿ ನಡೆದ ಸಭೆಗೆ ಈ ಕಾಗದಗಳೆಲ್ಲ ಇರುತ್ತವೆ, ಅವುಗಳ ದಿನಾಂಕಗಳು ಒಂದಕ್ಕೊಂದು ಹೊಂದುತ್ತವೆ. ಹೆಬ್ಬೆಟ್ಟು ಒತ್ತಿದ ಹಿರಿಯರನ್ನು ಮುಂದೆ ಮಾಡಿ ತೊಂದರೆ ಕೊಡಬೇಡಿ. ನಾಲ್ಕೈದು ಮಂದಿ ಅಂದು ಊರಿನಲ್ಲಿಯೇ ಇರಲಿಲ್ಲ ಎಂಬುದಕ್ಕೆ ದಾಖಲೆ ಇದ್ದು, ಅವರ ಸಹಿಯೂ ಪುಸ್ತಕದಲ್ಲಿದ್ದರೆ ಅದು ಗಟ್ಟಿ ಸಾಕ್ಷ್ಯವಾಗುತ್ತದೆ. ಸಭೆಯೇ ನಡೆಯದ ಅವಧಿ ಸತತ ಎರಡು ಬಾರಿ ಎಂದು ಕಾಗದಗಳಿಂದ ತೋರಿದರೆ ಚುನಾವಣಾ ಆಯೋಗಕ್ಕೆ ಹೋಗಿ. ಒಂದೇ ಬಾರಿಯಾದರೆ ಅಲ್ಲಿ ನಿಲ್ಲುವುದಿಲ್ಲ, ಆಗ ಸ್ಥಳೀಯ ಸಂಸ್ಥೆಗಳ ಮೇಲಿನ ದೂರು ವಿಚಾರಿಸುವ ಓಂಬುಡ್ಸ್‌ಮನ್‌ಗೆ ದೂರು ಕೊಡಿ. ಭ್ರಷ್ಟಾಚಾರ ಮತ್ತು ಆಡಳಿತಲೋಪ ಎರಡೂ ಅವರ ವ್ಯಾಪ್ತಿಗೆ ಬರುತ್ತವೆ, ಪೈಪು ರಸ್ತೆ ಬದಿಯಲ್ಲಿ ಬಿದ್ದಿರುವ ವಿಷಯವೂ ಅಲ್ಲಿಗೇ ಸೇರಿದ್ದು.

ಪಂಚಾಯತಿನ ಮಾಜಿ ಸದಸ್ಯೆ, ಬದಿಯಡ್ಕ ಭಾಗ

ಇದಕ್ಕೆ ನನ್ನ ಪೂರ್ಣ ಒಪ್ಪಿಗೆ ಇದೆ. ವಿಶೇಷ ಸಭೆಯಲ್ಲಿ ಸದಸ್ಯರಿಗೂ ತಮ್ಮ ಮಾತು ಹೇಳಲು ಹೊತ್ತು ಕೊಡಿ. ಫಂಡ್ ಬಂದಿಲ್ಲ ಎಂಬುದು ಕೆಲವೊಮ್ಮೆ ನಿಜವೇ ಆಗಿರುತ್ತದೆ. ಯೋಜನಾ ವೆಚ್ಚದ ಕಂತು ಮಾರ್ಚ್ ಕೊನೆಯವರೆಗೆ ಬಾರದೆ ಟೆಂಡರು ಹಾಕಿದ ಕೆಲಸ ನಿಂತದ್ದನ್ನು ನಾನೇ ಅನುಭವಿಸಿದ್ದೇನೆ. ಪೈಪಿನ ಕಡತವನ್ನು ಸಭೆಗೆ ತರಲು ಇಂಜಿನಿಯರರನ್ನೂ ಕರೆಸಿ. ಕಡತ ತೆರೆದಾಗ ಯಾರ ತಪ್ಪು ಎಂಬುದು ಎಲ್ಲರಿಗೂ ಕಾಣುತ್ತದೆ.

ವಾರ್ಡಿನ ಮತದಾರ, ಮಂಜೇಶ್ವರ ತಾಲೂಕು

ಹೊಸ ಮನವಿಯನ್ನು ಇವತ್ತು ರಾತ್ರಿ ಬರೆಯುತ್ತೇವೆ. ವಿಷಯಗಳು ಮೂರು: ನೀರಿನ ಪೈಪಿನ ಕಾಮಗಾರಿಯ ಕಡತ, ಅಂಗನವಾಡಿಯ ದಾರಿ, ಕಳೆದ ಎರಡು ಗ್ರಾಮಸಭೆಗಳ ನಡಾವಳಿಯನ್ನು ಓದಿ ಹೇಳುವುದು. ಕನ್ನಡದಲ್ಲಿ ಬರೆದರೆ ಕಚೇರಿಯಲ್ಲಿ ಸ್ವೀಕರಿಸುತ್ತಾರೆಯೆ ಎಂಬ ಸಂಶಯ ಕೆಲವರಿಗಿದೆ. ಕಳೆದ ಬಾರಿಯ ನೋಟಿಸು ಮಲಯಾಳದಲ್ಲಿ ಮಾತ್ರ ಇತ್ತು, ನಮ್ಮ ಸಾಲಿನ ಹಿರಿಯರಲ್ಲಿ ಅದನ್ನು ಓದಬಲ್ಲವರು ಇಬ್ಬರೋ ಮೂವರೋ.

ನಿವೃತ್ತ ಪಂಚಾಯತ್ ಕಾರ್ಯದರ್ಶಿ, ಕುಂಬಳೆ

ಧೈರ್ಯವಾಗಿ ಕನ್ನಡದಲ್ಲಿಯೇ ಬರೆಯಿರಿ. 1969ರ ಕೇರಳ ಅಧಿಕೃತ ಭಾಷಾ ಕಾಯಿದೆ ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರಿಗೆ ತಮ್ಮ ಪ್ರದೇಶದ ಕಚೇರಿಗಳೊಂದಿಗೆ ತಮ್ಮ ಭಾಷೆಯಲ್ಲಿ ಪತ್ರವ್ಯವಹಾರ ಮಾಡುವ ಹಕ್ಕು ಕೊಟ್ಟಿದೆ. ವಿಶೇಷ ಸಭೆಯ ನೋಟಿಸನ್ನು ಕನ್ನಡದಲ್ಲಿಯೂ ಹಂಚಬೇಕೆಂದು ಮನವಿಯಲ್ಲಿ ನಾಲ್ಕನೆಯ ವಿಷಯವಾಗಿ ಸೇರಿಸಿ.

ಮನವಿಯನ್ನು ಸಂಚಾಲಕರಾದ ಸದಸ್ಯರ ಹೆಸರಿಗೆ ಬರೆದು, ಪ್ರತಿಯನ್ನು ಅಧ್ಯಕ್ಷರಿಗೂ ಕಾರ್ಯದರ್ಶಿಗೂ ಕೊಡಿ. ಕಚೇರಿಯ ಮುದ್ರೆ ಮತ್ತು ದಿನಾಂಕ ಇರುವ ರಶೀದಿ ಪಡೆಯದೆ ಕೌಂಟರಿನಿಂದ ಹೊರಡಬೇಡಿ, ಹದಿನೈದು ದಿನಗಳ ಲೆಕ್ಕಕ್ಕೆ ನಿಮ್ಮ ಕೈಯಲ್ಲಿರುವ ಆಧಾರ ಅದೊಂದೇ. ಸದಸ್ಯರು ಕಾಗದ ತೆಗೆದುಕೊಳ್ಳಲು ಒಪ್ಪದಿದ್ದರೆ ಸ್ಪೀಡ್ ಪೋಸ್ಟಿನಲ್ಲಿ ಕಳುಹಿಸಿ. ಬರೆದ ಕರಡನ್ನು ಸಹಿಗೆ ಒಯ್ಯುವ ಮೊದಲು ಇಲ್ಲಿ ಹಾಕಿ, ನಾನು ತಿದ್ದಿಕೊಡುತ್ತೇನೆ.